ಅಕ್ಕನಿಗೆ ಅಂಟಿನುಂಡೆ

ಊರ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು, ಗಂಡ ಸತ್ತವಳು. ಅವಳಿಗೆ ಯಮನಪ್ಪ ಅಂತ ಒಬ್ಬ ಮಗ. ದೇವರು ಅವನಿಗೆ ಮೈ ಕೊಡುವಾಗ ಧಾರಾಳವಾಗಿ ಸುರಿದ, ಬುದ್ಧಿ ಕೊಡುವಾಗ ಕೈ ಬಿಗಿ ಹಿಡಿದ. ಎರಡು ಜೋಳದ ಚೀಲ ಒಟ್ಟಿಗೆ ಹೊರುತ್ತಿದ್ದ, ಆದರೆ ಎಲ್ಲಿ ಇಳಿಸಬೇಕು ಅಂತ ಅವ್ವನೇ ಹೇಳಬೇಕು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಕೇಡು ಬಂದದ್ದೇ ಅದರಿಂದ.

ಅವನಿಗೊಬ್ಬ ಅಕ್ಕ, ನೀಲವ್ವ. ಹಳ್ಳದಾಚೆ ಊರಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಲ್ಲವೇ? ಅತ್ತೆ ಸಾವಂತ್ರವ್ವ ಕಳಿಸಲೇ ಇಲ್ಲ. "ಆ ಪೆದ್ದನ ಮಾರಿ ನೋಡಿದರ ಹೊಟ್ಟ್ಯಾಗಿನ ಕೂಸೂ ಹಂಗ ಆದೀತು!" ಅಂದಳು. ಕೂಸು ಅಲ್ಲೇ ಹುಟ್ಟಿತು. ಹುಟ್ಟಿದ್ದೇ ತಡ, ಅದೇ ಬಾಯಿ "ತವರಮನಿಯಿಂದ ಒಂದು ಅಂಟಿನ ಉಂಡಿ ಬರಲಿಲ್ಲ, ಎಂಥಾ ತವರವ್ವಾ ನಿಂದು!" ಅಂತ ಎದ್ದರೆ ಕೂತರೆ ನೀಲವ್ವನ ಜೀವ ತಿನ್ನತೊಡಗಿತು.

ಅಂಟು, ಉತ್ತತ್ತಿ, ಗೋಡಂಬಿ, ದ್ರಾಕ್ಷಿ, ಒಣಕೊಬ್ಬರಿ ಎಲ್ಲ ತುಪ್ಪದಲ್ಲಿ ಹುರಿದು, ಬೆಲ್ಲ ಹಾಕಿ ಕಟ್ಟಿದ ಉಂಡೆ ಬಾಣಂತಿಯ ನಡಕ್ಕೆ ಬಲ. ಶೀಗಿ ಹುಣ್ಣಿಮೆ ಮುಗಿದಿತ್ತು, ಚಳಿ ಕಾಲಿಡುತ್ತಿತ್ತು. ಉಂಡೆ ಕಳಿಸಲೇಬೇಕು ಅಂತ ಸಂಕವ್ವ ಹಟ ಹಿಡಿದಳು. ಮಗಳ ಮೈಗೆ ಬಲ ಬರಲಿ, ಅದಕ್ಕಿಂತ ಮೊದಲು ಆ ಬೀಗತಿಯ ಬಾಯಿ ಮುಚ್ಚಲಿ. ಮಗಳು ಆ ಮನೆಯಲ್ಲಿ ತಲೆ ಎತ್ತಿ ಬಾಳಲಿ.

"ಯಮನ್ಯಾ, ಅಂಗಡಿಗೆ ಹೋಗಿ ಗೋಡಂಬಿ, ದ್ರಾಕ್ಷಿ ತಾ."

ಹೋದ, ತಗೊಂಡ, ಹೊರಟ. ಕಟ್ಟೆಯ ಮೇಲೆ ಕೂತವರು "ಏನೋ ಯಮನ್ಯಾ, ನಮಗಿಲ್ಲೇನು?" ಅಂದರು. ಒಂದು ಹಿಡಿ ಕೊಟ್ಟ. ದಾಟಿ ಹೋದ ಮೇಲೆ ಬಾವಿಯ ಹೆಂಗಸರು ಹಿಂದಿನಿಂದ ಕೂಗಿದರು, "ನಮಗಿಲ್ಲೇನೋ?" ತಿರುಗಿ ಹೋಗಿ ಅವರಿಗೂ ಒಂದು ಹಿಡಿ ಕೊಟ್ಟ. ಮನೆ ಮುಟ್ಟುವಾಗ ಪೊಟ್ಟಣದಲ್ಲಿ ಕಾಗದವೇ ಹೆಚ್ಚಾಗಿತ್ತು.

"ಅಯ್ಯ ನನ್ನ ಹಣೇಬರಹವೇ! ಅವರು ಚಾಷ್ಟಿ ಮಾಡಿದರ ನೀ ಹಂಚಿ ಬರೋದೇನೋ? ಹಿಂದಿನಿಂದ ಯಾರ ಕರದರೂ ತಿರುಗಿ ನೋಡಬಾರದು! ನಟ್ಟಗ ನಡೀತಿರಬೇಕು!"

"ಹೂಂ ಅವ್ವಾ, ಇನ್ನ ಹಂಗ ಮಾಡತೇನಿ."

ಮರುದಿನ ಉತ್ತತ್ತಿ, ಕೊಬ್ಬರಿ ತರಲು ಹೋದ. ಚೀಲಕ್ಕೆ ಇಲಿ ತೂತು ಮಾಡಿತ್ತು. ಹುಡುಗರು ಕೂಗಿದರು, "ಲೇ, ಚೀಲ ಹರದೈತಿ! ಉತ್ತತ್ತಿ ಬೀಳಾಕತ್ತಾವು!" ಯಮನ್ಯಾ ತಿರುಗಲಿಲ್ಲ. ಅಂಗಡಿಯವನೂ ಕೂಗಿದ. ತಿರುಗಲಿಲ್ಲ. ಚೀಲದಲ್ಲಿ ದೊಡ್ಡ ಕೊಬ್ಬರಿ ಬಟ್ಟಲು ಮಾತ್ರ ಉಳಿದವು, ಹಿಂದೆ ಓಣಿಯ ಕೋಳಿಗಳೆಲ್ಲ ಸಾಲಾಗಿ ಬಂದವು.

"ನಿನ್ನ ಬಾಯಾಗ ಮಣ್ಣ ಹಾಕ! ಚೀಲ ಹಂಗ ಜೋತಾಡಿಸ್ಕೋತ ಬರ್ತಾರೇನೋ? ತಲಿ ಮ್ಯಾಲ ಇಟ್ಕೊಂಡು ಎರಡೂ ಕೈಲೆ ಹಿಡೀಬೇಕು! ಮನಿ ಮುಟ್ಟೋತನಾ ಕೆಳಗ ಇಳಸಬಾರದು!"

"ಹೂಂ ಅವ್ವಾ, ಇನ್ನ ಹಂಗ ಮಾಡತೇನಿ."

ಹುರಿಯಲು ದೊಡ್ಡ ಬೋಗುಣಿ ಬೇಕಿತ್ತು. "ಮಗ್ಗಲ ಮನಿಯಿಂದ ಬೋಗುಣಿ ತಾ" ಅಂದಳು. ಆ ಮನೆಯಾಕೆ ಹಿತ್ತಲಲ್ಲಿದ್ದಳು, ಬೋಗುಣಿ ಒಲೆಯ ಮೇಲಿತ್ತು. ಕುದಿಯುವ ಬೇಳೆಯ ಸಮೇತ ತಲೆಯ ಮೇಲೆ ಇಟ್ಟುಕೊಂಡು ಅಂಗಳಕ್ಕೆ ಬಂದ!

"ಅಯ್ಯಯ್ಯೋ! ಎಲ್ಲಿಂದ ತಂದಿಯೋ ಅಲ್ಲೇ ಇಟ್ಟು ಬಾ!"

ಓಡಿದ. ಅದೇ ಒಲೆ, ಅದೇ ಕಲ್ಲು, ಅದೇ ಉರಿಯ ಮೇಲೆ ಇಟ್ಟು ಬಂದ. ಆ ಮನೆಯಾಕೆಗೆ ಸುಳಿವೂ ಸಿಗಲಿಲ್ಲ. ಹುಟ್ಟಿದಾಗಿನಿಂದ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಸಂಕವ್ವನಿಗೆ ನಗು ಬಂತು. "ಶಾಣ್ಯಾ ನನ ಮಗ" ಅಂತ ತಲೆ ಸವರಿದಳು. ಆ ಕೈಯ ರುಚಿ ಅವನಿಗೆ ಹತ್ತಿಬಿಟ್ಟಿತು.

ಇನ್ನು ತುಪ್ಪ. ತಂಬಿಗೆ ತಲೆಯ ಮೇಲೆ, ಎರಡೂ ಕೈ ತಂಬಿಗೆಯ ಮೇಲೆ. ಯಾರು ಕೂಗಿದರೂ ತಿರುಗಲಿಲ್ಲ, ಎಲ್ಲೂ ಇಳಿಸಲಿಲ್ಲ, ಭೇಷ್! ಆದರೆ ಮನೆಯ ಬಾಗಿಲು ಗಿಡ್ಡ. ಬಗ್ಗು ಅಂತ ಯಾರೂ ಹೇಳಿರಲಿಲ್ಲ. ಢಣ್! ತುಪ್ಪವೆಲ್ಲ ಹೊಸ್ತಿಲ ಮೇಲೆ. ಓಡಿ ಬಂದ ಸಂಕವ್ವ ಅದೇ ತುಪ್ಪದ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಪಾದ ಉಳುಕಿ ಗಡಿಗೆಯಂತೆ ಊದಿತು.

ಬಿದ್ದಲ್ಲಿಂದಲೇ ಬೈದಳು, "ಬಾಗಲದಾಗ ಹಿಡಸತೈತೋ ಇಲ್ಲೋ ನೋಡಬಾರದೇನೋ ಮೂಳಾ? ಹಿಡಸಲಿಲ್ಲಂದ್ರ ಹೊರಗ ನಿಂದ್ರಬೇಕು!"

"ಹೂಂ ಅವ್ವಾ, ಇನ್ನ ಹಂಗ ಮಾಡತೇನಿ."

ಹೊಸ್ತಿಲಿನಿಂದ ಬಳಿದ ತುಪ್ಪ, ಹಂಚಿ ಉಳಿದ ಗೋಡಂಬಿ, ಕೋಳಿ ಬಿಟ್ಟ ಉತ್ತತ್ತಿ. ಕಾಲು ಚಾಚಿ ಕೂತು ಕುಟ್ಟಿದಳು, ಹುರಿದಳು, ಕಟ್ಟಿದಳು. ಸಣ್ಣ ಸಣ್ಣ ಉಂಡೆ, ಒಂದು ಡಬ್ಬಿ ತುಂಬಿತು. ಮಗಳಿಗೆ ಕಡಿಮೆ ಬಿದ್ದೀತು ಅಂತ ತಾನು ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈಗೆ ಮೆತ್ತಿದ್ದನ್ನು ನೀರಲ್ಲಿ ತೊಳೆದು ಆ ನೀರು ಕುಡಿದಳು. ತಾನೇ ಹೋಗೋಣ ಅಂದರೆ ಕಾಲಿಲ್ಲ. ಕಳಿಸಲು ಇದ್ದವನು ಇವನೊಬ್ಬನೇ.

"ನೋಡೋ ಯಮನ್ಯಾ, ನಿಮ್ಮಕ್ಕನ ಬಾಳೇವು ನಿನ್ನ ಕೈಯಾಗೈತಿ. ಬೀಗತಿ ಏನಂದರೂ ಎದುರಾಡಬ್ಯಾಡ. ಆಕಿ ಹೇಳಿದಂಗ ಮಾಡು."

"ಹೂಂ ಅವ್ವಾ, ಹಂಗ ಮಾಡತೇನಿ."

ಅಲ್ಲಿ ಏನಾಯಿತು ಅಂತ ಸಂಕವ್ವನಿಗೆ ತಿಳಿದದ್ದು ಆಮೇಲೆ, ಹಳ್ಳದಲ್ಲಿ ಬಟ್ಟೆ ಒಗೆಯುವವರ ಬಾಯಿಂದ. ನಾನು ಈಗಲೇ ಹೇಳಿಬಿಡುತ್ತೇನೆ.

ನೀಲವ್ವನನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಹಗ್ಗದ ಹೊರಸು ಹಾಕಿ ಮಲಗಿಸಿದ್ದರು. ಗಂಡ ಹೊಲಕ್ಕೆ ಹೋಗಿದ್ದ. ಸಾವಂತ್ರವ್ವ ಡಬ್ಬಿ ತೆರೆದಳು. ನಾಲ್ಕು ಮನೆಗೆ ಕೇಳುವ ಹಾಗೆ ಕೂಗಿದಳು, "ಇವೇನ ಉಂಡ್ಯೋ, ಆಡಿನ ಹಿಕ್ಕಿಯೋ! ನಮ್ಮ ಮನ್ಯಾಗ ತಿನ್ನಾಕ ಗತಿಯಿಲ್ಲೇನು? ತಗೊಂಡು ನಡಿ! ಉಂಡಿ ಒಂದ ಯಾಕ, ನಿಮ್ಮಕ್ಕನ್ನೂ ಹೊತಗೊಂಡು ನಡಿ!"

ಇಂಥ ಮಾತು ಯಾವ ಅತ್ತೆ ಆಡಿಲ್ಲ ಹೇಳಿ? ಯಾವ ತವರಿನವರು ಕಣ್ಣೊರೆಸಿಕೊಂಡು ನುಂಗಿಲ್ಲ? ಯಮನ್ಯಾ "ಹೂಂರಿ ಅತ್ತಿ" ಅಂದ. ಡಬ್ಬಿಯನ್ನು ಅಕ್ಕನ ಮಡಿಲಲ್ಲಿಟ್ಟ. ಅಕ್ಕ, ಕೂಸು, ಕೌದಿ ಸಮೇತ ಹೊರಸು ಎತ್ತಿ ತಲೆಯ ಮೇಲಿಟ್ಟ. ಎರಡೂ ಕೈಯಲ್ಲಿ ಹಿಡಿದ. ನಡೆದ!

"ಇಳಸೋ ತಮ್ಮಾ, ಇಳಸೋ!" ಅಂತ ನೀಲವ್ವ ಚೀರಿದಳು. ಮನೆ ಮುಟ್ಟುವ ತನಕ ಇಳಿಸಬಾರದಲ್ಲ, ಇಳಿಸಲಿಲ್ಲ. ಸಾವಂತ್ರವ್ವ ಹಿಂದೆ ಓಡಿ ಬಂದಳು, "ಏ ನಿಂದ್ರೋ! ಮಾತಿಗಂದೆನೋ ಹುಚ್ಚಪ್ಪಾ! ನಿಂದ್ರೋ!" ತಿರುಗಿ ನೋಡಬಾರದಲ್ಲ, ನೋಡಲಿಲ್ಲ. ಓಣಿಯ ಜನ ನಕ್ಕರು. ನಕ್ಕದ್ದೇ ತಡ, ಅವಳಿಗೆ ಉರಿ ಹತ್ತಿತು. "ಹೋದಾಕಿ ಹೋಗಲಿ! ಇನ್ನ ಬಂದರ ಈ ಬಾಗಲಾ ತೆರಿಯಂಗಿಲ್ಲ!" ಅಂತ ಕೂಗಿ ದಡಾರನೆ ಬಾಗಿಲು ಹಾಕಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇತ್ತ ಸಂಕವ್ವ ಹೊಸ್ತಿಲ ಮೇಲೆ ಕಾಲು ಚಾಚಿ ದಾರಿ ಕಾಯುತ್ತಿದ್ದಳು. ಓಣಿಯ ತುದಿಯಲ್ಲಿ ಮಗ ಕಂಡ, ತಲೆಯ ಮೇಲೆ ಹೊರಸು, ಹಿಂದೆ ಅರ್ಧ ಊರು. ಬಂದವನು ಬಾಗಿಲು ನೋಡಿದ, ಹೊರಸು ನೋಡಿದ. ಹಿಡಿಸುವುದಿಲ್ಲ. ಹೊತ್ತುಕೊಂಡೇ ಹೊರಗೆ ನಿಂತ.

"ಅವ್ವಾ! ಬೀಗತಿ ಹೇಳಿದಂಗ ಮಾಡೇನಿ! ಅಕ್ಕನ್ನ ಹೊತಗೊಂಡು ಬಂದೇನಿ! ತಿರುಗಿ ನೋಡಿಲ್ಲ, ಕೆಳಗ ಇಳಿಸಿಲ್ಲ!"

ಕೆಳಗೆ ಕೂತವಳಿಗೆ ಹೊರಸಿನ ಅಡಿಯ ಹಗ್ಗ ಮಾತ್ರ ಕಾಣುತ್ತಿತ್ತು. ಮೇಲೆ ಕೂಸು ಅಳುತ್ತಿತ್ತು, ಸುತ್ತ ಜನ ಕಿಸಿಕಿಸಿ ನಗುತ್ತಿದ್ದರು. ಗಂಡನ ಮನೆಯಿಂದ ಮಗಳು ಹಸಿ ಮೈಯಲ್ಲಿ ಹೊರಬಿದ್ದು ಬಂದಿದ್ದಾಳೆ, ಊರಿಗೆ ಊರೇ ನೋಡುತ್ತಿದೆ! ಸಂಕವ್ವನಿಗೆ ತಲೆ ಧಿಮ್ಮೆಂದಿತು. ಮಗಳ ಮುಖ ನೋಡುವ ಮೊದಲೇ ಬಾಯಿ ಆಡಿಬಿಟ್ಟಿತು.

"ಅಯ್ಯೋ ನನ್ನ ಮನಿಹಾಳಾ! ಎಲ್ಲಿಂದ ತಂದಿಯೋ ಅಲ್ಲೇ ಇಟ್ಟು ಬಾ!"

ಯಮನ್ಯಾನ ಮುಖ ಅರಳಿತು. ಈ ಕೆಲಸ ಅವನಿಗೆ ಬರುತ್ತಿತ್ತು.

ತಟ್ಟನೆ ತಿರುಗಿದ. ತಿರುಗುವಾಗ ಡಬ್ಬಿ ಜಾರಿ ಬಿದ್ದು, ಉರುಳಿ, ಸಂಕವ್ವನ ಕಾಲಿಗೆ ತಾಗಿ ನಿಂತಿತು. ತಿಂಗಳು ತಿನ್ನಲಿ ಅಂತ ಕಟ್ಟಿದ ಉಂಡೆ, ಒಂದೂ ಇರಲಿಲ್ಲ. ಹಳ್ಳ ದಾಟುವುದರೊಳಗೆ ನೀಲವ್ವ ತಿಂದು ತಳವನ್ನೂ ನೆಕ್ಕಿದ್ದಳು. ಸಂಕವ್ವ ತಲೆಯೆತ್ತಿದಳು. ಹೊರಸು ದೂರ ಹೋದಂತೆ ಮಗಳು ಕಂಡಳು. ಕೆನ್ನೆ ಬತ್ತಿತ್ತು, ಕೈ ಕಡ್ಡಿಯಾಗಿತ್ತು, ತುಟಿಗೆ ತುಪ್ಪ ಮೆತ್ತಿತ್ತು. ಆ ಮನೆಯಲ್ಲಿ ಮಗಳು ಬಾಳಿದ ಬಾಳು ಅದು.

"ಅವ್ವಾ!" ಅಂತ ನೀಲವ್ವ ಮೇಲಿಂದ ಕೈ ಚಾಚಿದಳು.

"ಯಮನ್ಯಾ! ನಿಂದ್ರೋ! ಮಾತಿಗಂದೆನೋ ನನ್ನಪ್ಪಾ! ತಿರುಗಿ ಬಾರೋ!"

ಯಮನ್ಯಾ ತಿರುಗಿ ನೋಡಲಿಲ್ಲ. ನಟ್ಟಗೆ ನಡೆದ. ಸಂಕವ್ವ ಎದ್ದು ಓಡಲು ಹೋದಳು, ಕಾಲು ಎಲ್ಲಿ ಓಡಗೊಡುತ್ತದೆ? ತುಪ್ಪ ಚೆಲ್ಲಿದ್ದ ಅದೇ ಹೊಸ್ತಿಲ ಮೇಲೆ ಕುಸಿದಳು.

ಅತ್ತೆ ಅಲ್ಲಿ ಬಾಗಿಲು ಹಾಕಿಕೊಂಡಳು, ತಾಯಿ ಇಲ್ಲಿ ಕುಸಿದು ಬಿದ್ದಳು, ನಾವು ನೀವು ಕತೆ ಹೇಳಿ ಕೇಳಿ ಕೈ ತೊಳೆದುಕೊಂಡೆವು. ಯಮನ್ಯಾ ಮಾತ್ರ ಅಕ್ಕನನ್ನು ಹೊತ್ತುಕೊಂಡು ಇನ್ನೂ ನಡೆಯುತ್ತಿದ್ದಾನೆ, ಇಟ್ಟು ಬಂದರೆ ಅವ್ವ ತಲೆ ಸವರುತ್ತಾಳೆ ಅಂತ.