ಬಾವಿಯನ್ನು ಬಳಸಿ ಹೋದ ದಾರಿ

"ಎಲ್ಲರನ್ನೂ ಕೇಳಿಕೊಂಡು ದಾರಿ ಮಾಡಲು ಹೊರಟರೆ, ದಾರಿ ಆಗುವುದು ಯಾವಾಗ ಗುರುಗಳೇ?" ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಶಿಷ್ಯ. ಮಠದಿಂದ ಸಂತೆ ನಡೆಯುವ ಊರಿಗೆ ಹೊಸ ದಾರಿ ಮಾಡಿಸುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿದ್ದರು. ನಡುವೆ ಹಳ್ಳಿಗಳಿವೆ. ಆ ಹಳ್ಳಿಗಳವರನ್ನು ಕೂಡಿಸಿ, ಮಾತಾಡಿ, ದಾರಿ ಎಲ್ಲಿ ಹೋಗಬೇಕೆಂದು ಗೊತ್ತುಮಾಡು ಎಂದು ಹೇಳಿದ್ದರು. ಅವನು ಯಾರನ್ನೂ ಕೂಡಿಸಿರಲಿಲ್ಲ. ಒಂದು ಬಟ್ಟೆಯ ಮೇಲೆ ಮಠವನ್ನೂ ಸಂತೆಯನ್ನೂ ಗುರುತು ಮಾಡಿ, ಎರಡರ ನಡುವೆ ಮಸಿಯಿಂದ ನೇರವಾದ ಒಂದು ಗೆರೆ ಎಳೆದು ತಂದಿದ್ದ.

"ಕೂಡಿಸಿದರೆ ಪ್ರತಿಯೊಬ್ಬನೂ ತನ್ನ ಹೊಲದ ಮಾತನ್ನೇ ಆಡುತ್ತಾನೆ. ಅದನ್ನು ಕೇಳಿ ಏನು ಮಾಡಲಿ? ಬೆಟ್ಟದ ಕೆಳಗಿನ ಹಳೆಯ ಬಂಡಿದಾರಿಯನ್ನು ಬರುವಾಗ ನೋಡಿದೆ. ಅದು ಸುತ್ತಿ ಸುತ್ತಿ ಬರುತ್ತದೆ. ಯಾರೋ ತಿಳಿಯದವರು ಮಾಡಿದ್ದು" ಎಂದ.

"ಆ ದಾರಿಯಲ್ಲಿ ನೀರು ಕುಡಿದೆಯಾ?" ಎಂದು ಗುರುಗಳು ಕೇಳಿದರು.

"ಕುಡಿದೆ. ಹೊಂಗೆಮರಗಳ ಕೆಳಗೆ ಯಾರೋ ನೀರಿಟ್ಟಿದ್ದರು. ಎತ್ತುಗಳಿಗೆ ಕಲ್ಲಿನ ತೊಟ್ಟಿ, ಮನುಷ್ಯರಿಗೆ ಗಡಿಗೆ."

"ಹಾಗಾದರೆ ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಆ ಬೆಟ್ಟದ ಕೆಳಗೆ ಒಬ್ಬ ರೈತನಿದ್ದ. ಅವನಿಗೊಂದು ಜೋಳದ ಹೊಲವಿತ್ತು. ಹೊಲದ ನಡುವೆ ಒಂದು ಬಾವಿ ಇತ್ತು. ಬಾವಿಯನ್ನು ಅವನ ತಂದೆ ತೋಡಲು ಶುರುಮಾಡಿ ತೀರಿಕೊಂಡಿದ್ದ. ಉಳಿದದ್ದನ್ನು ಅವನೇ ತೋಡಿದ್ದ. ಅವನಿಗೆ ಆ ಬಾವಿ ಎಂದರೆ ಜೀವ.

ಸುತ್ತಿನ ಊರುಗಳವರು ಸಂತೆಗೆ ಹೋಗಲು ಒಂದು ಬಂಡಿದಾರಿ ಬೇಕೆಂದು ಬಹಳ ದಿನಗಳಿಂದ ಮಾತಾಡುತ್ತಿದ್ದರು. ದಾರಿ ಹೋಗಲು ಎರಡೇ ಕಡೆ ಜಾಗವಿತ್ತು. ಒಂದು, ಗೋಮಾಳದ ಮೂಲಕ. ಗೋಮಾಳವೆಂದರೆ ದನಕುರಿ ಮೇಯಲು ಬಿಟ್ಟ ನೆಲ. ಅದು ಯಾರೊಬ್ಬರದೂ ಅಲ್ಲ, ಆದ್ದರಿಂದ ಎಲ್ಲರದೂ ಹೌದು. ಇನ್ನೊಂದು, ರೈತನ ಹೊಲದ ನಡುವೆ. ಅಂದರೆ ಬಾವಿಯನ್ನು ಮುಚ್ಚಿ, ಅದರ ಮೇಲೆ. ದಾರಿ ಗೋಮಾಳದಲ್ಲಿ ಹೋಗಲಿ ಎಂದು ರೈತ ದಿನವೂ ಬೇಡಿಕೊಳ್ಳುತ್ತಿದ್ದ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ನೆಲದ ವಿಷಯಕ್ಕೆ ಸಭೆ ಸೇರಿದಾಗ ಯಾರೂ ತಮ್ಮ ಪರವಾಗಿ ತಾವೇ ಮಾತಾಡುವಂತಿರಲಿಲ್ಲ. ಸಭೆಗೆ ಮೊದಲು ಒಂದು ಗಡಿಗೆ ಇಡುತ್ತಿದ್ದರು. ದಾರಿಯಿಂದ ಯಾರಿಗೆ ಲಾಭವೋ, ಯಾರಿಗೆ ನಷ್ಟವೋ, ಅವರೆಲ್ಲ ತಮ್ಮ ಕಸುಬಿನ ಗುರುತನ್ನು ಅದರಲ್ಲಿ ಹಾಕಬೇಕು. ಆಮೇಲೆ ಕಣ್ಣುಮುಚ್ಚಿ ಒಂದೊಂದನ್ನು ಎತ್ತಬೇಕು. ಯಾರ ಗುರುತು ಕೈಗೆ ಬರುತ್ತದೋ ಅವರ ಪರವಾಗಿ ಮಾತಾಡಬೇಕು. ತನ್ನದೇ ಬಂದರೆ ತಿರುಗಿ ಹಾಕಬೇಕು. ಮಾತಾಡುವ ಮೊದಲು ಅವರ ಮನೆಯಲ್ಲಿ ಉಣ್ಣಬೇಕು, ಅವರ ಜೊತೆ ಒಂದು ದಿನ ಕಳೆಯಬೇಕು. ಇಷ್ಟೇ ಪದ್ಧತಿ.

ರೈತ ಒಂದು ಜೋಳದ ತೆನೆ ಹಾಕಿದ. ಬೆಲ್ಲದ ವ್ಯಾಪಾರಿಯೊಬ್ಬ ಒಂದು ಚೂರು ಬೆಲ್ಲ ಹಾಕಿದ. ಕುರಿ ಕಾಯುವ ಒಬ್ಬ ಮುದುಕಿ ಒಂದು ಹಿಡಿ ಉಣ್ಣೆ ಹಾಕಿದಳು.

ರೈತ ಕೈ ಹಾಕಿದಾಗ ಉಣ್ಣೆ ಬಂತು. ಅದನ್ನು ನೋಡಿ ಅವನ ಮುಖ ಸಪ್ಪಗಾಯಿತು. ಮುದುಕಿಯ ಕುರಿಗಳು ಮೇಯುವುದೇ ಗೋಮಾಳದಲ್ಲಿ. ಅವಳ ಪರವಾಗಿ ಚೆನ್ನಾಗಿ ಮಾತಾಡಿದರೆ ಗೋಮಾಳ ಉಳಿಯುತ್ತದೆ. ಗೋಮಾಳ ಉಳಿದರೆ ದಾರಿ ತನ್ನ ಹೊಲಕ್ಕೇ ಬರುತ್ತದೆ. ಅಷ್ಟರಲ್ಲಿ ಜೋಳದ ತೆನೆ ವ್ಯಾಪಾರಿಯ ಕೈಯಲ್ಲಿ ಕಂಡಿತು. ವ್ಯಾಪಾರಿಗೆ ಬೇಕಾದದ್ದು ಹತ್ತಿರದ ದಾರಿ. ಹತ್ತಿರದ ದಾರಿ ಎಂದರೆ ಹೊಲದ ನಡುವಿನದೇ. ಅಂಥವನು ತನ್ನ ಪರವಾಗಿ ಏನು ಮಾತಾಡಿಯಾನು ಎಂದುಕೊಂಡ ರೈತ.

ಮರುದಿನ ಅವನು ಮುದುಕಿಯ ಗುಡಿಸಲಿಗೆ ಹೋದ. ಅವಳು ಬಾಗಿಲಲ್ಲೇ ನಕ್ಕಳು.

"ಬಾರಪ್ಪ. ಹೋದ ವರ್ಷ ನನ್ನ ಮೇಕೆ ನಿನ್ನ ಜೋಳಕ್ಕೆ ಬಾಯಿ ಹಾಕಿದಾಗ ಎಷ್ಟೊಂದು ಮಾತಾಡಿದೆ. ಅದರಲ್ಲಿ ಅರ್ಧ ನನ್ನ ಪರವಾಗಿ ಆಡು, ಸಾಕು."

"ಮೇಕೆ ಚೆನ್ನಾಗಿದೆಯಾ?" ಎಂದು ರೈತ ಮಾತು ತಿರುಗಿಸಿದ.

"ನಿನ್ನ ಜೋಳ ತಿಂದ ಮೇಲೆ ಇನ್ನೂ ಚೆನ್ನಾಗಿದೆ."

ಅವಳು ಹಾಕಿದ ಮುದ್ದೆ ಉಂಡು, ರೈತ ದಿನವೆಲ್ಲ ಕುರಿಗಳ ಹಿಂದೆ ನಡೆದ. ಮೇವು ಗೋಮಾಳದ ಮೇಲಿನ ಇಳಿಜಾರಿನಲ್ಲಿತ್ತು. ನೀರು ಕೆಳಗೆ ಕೆರೆಯಲ್ಲಿತ್ತು. ಕುರಿಗಳು ಬಾಯಾರಿದಾಗಲೆಲ್ಲ ಕೆಳಗೆ ಬರುತ್ತಿದ್ದವು, ಕುಡಿದು ಮೇಲೆ ಹೋಗುತ್ತಿದ್ದವು. ಬಂಡಿದಾರಿ ಬಂದರೆ ಮೇವಿಗೂ ನೀರಿಗೂ ನಡುವೆಯೇ ಬರುತ್ತದೆ. ಹಿಂದಿನ ದಿನ ಹುಟ್ಟಿದ ಒಂದು ಮರಿ ನಡೆಯಲಾರದೆ ಕೂತುಬಿಟ್ಟಿತು. ಮುದುಕಿಗೆ ಬಗ್ಗಲು ಆಗಲಿಲ್ಲ. ರೈತ ಅದನ್ನು ಹೆಗಲ ಮೇಲೆ ಹೊತ್ತು ಕೆರೆಯವರೆಗೆ ತಂದ. ಮುದುಕಿ ಗೋಮಾಳದ ಮಾತನ್ನೇ ಎತ್ತಲಿಲ್ಲ. ಅವಳು ಬೇಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೇಡಿದವರಿಗೆ ಇಲ್ಲ ಎನ್ನಬಹುದು. ಅವಳು ಬೇಡಲಿಲ್ಲ.

ಅವನು ಮನೆಗೆ ಬಂದಾಗ ವ್ಯಾಪಾರಿ ಅವನ ಮನೆಯಲ್ಲಿ ಉಂಡು ಹೊರಟಿದ್ದ.

"ಏನು ಮಾಡಿದ?" ಎಂದು ರೈತ ಹೆಂಡತಿಯನ್ನು ಕೇಳಿದ.

"ಹೊಲವೆಲ್ಲ ತಿರುಗಿದ. ಬಾವಿ ಹತ್ತಿರ ಬಹಳ ಹೊತ್ತು ನಿಂತಿದ್ದ. ಆಮೇಲೆ ಉಂಡ."

"ದಾರಿ ಎಷ್ಟಗಲ ಬರುತ್ತದೆ ಎಂದು ಅಳೆಯುತ್ತಿದ್ದನೇನೋ."

"ಅಳೆಯಲು ಬಂದವನು ಅಷ್ಟೊಂದು ರೊಟ್ಟಿ ತಿನ್ನುವುದಿಲ್ಲ" ಎಂದಳು ಹೆಂಡತಿ.

ಸಭೆಯ ದಿನ, ಸಭೆ ನಡೆಸುವ ಊರ ಯಜಮಾನ ಮೊದಲು ರೈತನನ್ನೇ ಕರೆದ. ರೈತ ಎದ್ದು ನಿಂತ. ಅವನ ಮುಂದೆ ಒಂದು ಸುಲಭದ ಉಪಾಯವಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ. ನಾಲ್ಕು ಮಾತನ್ನು ಬಾಯಿಗೆ ಬಂದಂತೆ ಆಡಿ ಕೂತುಬಿಟ್ಟರೆ ಸಾಕಿತ್ತು. ಇವನಿಗೆ ಮಾತಾಡಲು ಬರುವುದಿಲ್ಲ ಎಂದು ಜನ ಸುಮ್ಮನಾಗುತ್ತಿದ್ದರು. ಗೋಮಾಳ ಹೋಗುತ್ತಿತ್ತು, ಬಾವಿ ಉಳಿಯುತ್ತಿತ್ತು.

ಅವನು ಮುದುಕಿಯ ಕಡೆ ನೋಡಿದ. ಅವಳು ಇವನನ್ನು ನೋಡುತ್ತಿರಲಿಲ್ಲ, ಉಣ್ಣೆ ನೂಲುತ್ತಿದ್ದಳು. ಅವಳಿಗೆ ಇವನ ಮೇಲೆ ಅನುಮಾನವೇ ಇರಲಿಲ್ಲ. ರೈತನಿಗೆ ಹೆಗಲ ಮೇಲೆ ಆ ಮರಿಯ ಭಾರ ಇನ್ನೂ ಇದ್ದಂತೆ ಅನ್ನಿಸಿತು.

"ಗೋಮಾಳವನ್ನು ಸೀಳಬೇಡಿ" ಎಂದ. "ಮೇವು ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಬಂಡಿ ಬರುವಾಗ ಮರಿಗಳು ಓಡಲಾರವು. ಎತ್ತಿಕೊಳ್ಳಲು ಈಕೆಯ ಸೊಂಟ ಬಗ್ಗುವುದಿಲ್ಲ. ಇವತ್ತು ಈಕೆಯ ಕುರಿ, ನಾಳೆ ನಿಮ್ಮ ದನ. ಆ ನೆಲ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ." ಇನ್ನೂ ಹೇಳಬೇಕಾದ್ದನ್ನೆಲ್ಲ ಹೇಳಿದ. ಹೇಳಿ ಕೂತು ತಲೆ ತಗ್ಗಿಸಿದ. ತನ್ನ ಬಾವಿಯನ್ನು ತಾನೇ ಮುಚ್ಚಿದೆ ಎಂದುಕೊಂಡ.

ಆಮೇಲೆ ವ್ಯಾಪಾರಿ ಎದ್ದ.

"ನನಗೆ ಹತ್ತಿರದ ದಾರಿ ಬೇಕಿತ್ತು. ಅದು ಎಲ್ಲರಿಗೂ ಗೊತ್ತು" ಎಂದ. "ಆದರೆ ನಾನು ಈತನ ಮನೆಯಲ್ಲಿ ಉಂಡಿದ್ದೇನೆ. ಬಾವಿಯ ಹತ್ತಿರ ನಿಂತು ನೋಡಿದೆ. ಕೆಳಗಿನ ಕೇರಿಯ ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ನೀರು ಸೇದಿಕೊಂಡು ಹೋದರು. ಯಾರೂ ಯಾರನ್ನೂ ಕೇಳಲಿಲ್ಲ. ಅವರ ಹಗ್ಗ ಉಜ್ಜಿ ಬಾವಿಯ ಕಲ್ಲು ಸವೆದಿದೆ. ಈತ ಇದನ್ನು ತನ್ನ ಬಾಯಿಂದ ಹೇಳಿದ್ದರೆ, ಕೊಚ್ಚಿಕೊಳ್ಳುತ್ತಾನೆ ಎಂದು ನಾವು ಅನ್ನುತ್ತಿದ್ದೆವು. ದಾರಿ ಬಾವಿಯನ್ನು ಬಳಸಿ, ಹೊಲದ ಬದುವಿನ ಗುಂಟ ಹೋಗಲಿ. ನನ್ನ ಬಂಡಿಗೆ ಸುತ್ತಾಗುತ್ತದೆ. ಆಗಲಿ."

ರೈತ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನ ಕಣ್ಣು ಸಭೆಗೆ ಕಾಣುತ್ತಿತ್ತು.

ಕೊನೆಗೆ ಮುದುಕಿ ನೂಲುವುದನ್ನು ನಿಲ್ಲಿಸಿ ಎದ್ದಳು. ಅವಳ ಕೈಗೆ ಬಂದದ್ದು ಬೆಲ್ಲ.

"ಬೆಲ್ಲ ಅಲ್ಲೇ ತಿಂದುಬಿಟ್ಟೆ, ಯಜಮಾನ್ರೇ, ಗುರುತು ತೋರಿಸು ಅನ್ನಬೇಡಿ" ಎಂದಳು. ಸಭೆ ನಕ್ಕಿತು. "ಈ ವ್ಯಾಪಾರಿಯ ಎತ್ತುಗಳನ್ನು ನೋಡಿದೆ. ಬಾಯಲ್ಲಿ ನೊರೆ ಬಂದಿತ್ತು. ಇವನು ಉಳ್ಳವನು, ಆದ್ದರಿಂದ ಇವನಿಗೆ ಏನೂ ಬೇಕಾಗಿಲ್ಲ ಎಂದು ನಾವು ತಿಳಿದಿದ್ದೇವೆ. ಇವನೂ ಕೇಳಲು ನಾಚುತ್ತಾನೆ. ಈಗ ನಮಗಾಗಿ ಸುತ್ತು ಹೊಡೆಯುತ್ತೇನೆ ಎಂದಿದ್ದಾನೆ. ಸುತ್ತುವ ಎತ್ತಿಗೆ ನೆರಳು ಬೇಡವೇ, ನೀರು ಬೇಡವೇ? ಗೋಮಾಳದ ಒಂದು ಮೂಲೆಯನ್ನು ಮರ ಹಾಕಲು ಬಿಡಿ. ನನ್ನ ಕುರಿಗಳು ಸ್ವಲ್ಪ ಆಚೆ ಮೇಯುತ್ತವೆ. ಸಸಿ ತಿಂದರೆ ನನ್ನನ್ನು ಕೇಳಿ. ನೀರಿನದು ಮಾತ್ರ ನನಗೆ ತಿಳಿಯದು."

ಆಗ ರೈತ ಎದ್ದ. ತನ್ನ ವಿಷಯ ತಾನು ಮಾತಾಡಬಾರದು ಎಂಬುದು ಪದ್ಧತಿ. ಕೊಡುವುದಕ್ಕೆ ಅದು ಅಡ್ಡಬರುತ್ತದೆಯೇ ಎಂದು ಯಜಮಾನನನ್ನು ಕೇಳಿದ. ಅಡ್ಡಬರುವುದಿಲ್ಲ ಎಂದ ಯಜಮಾನ.

"ನೀರು ನನ್ನ ಬಾವಿಯದು" ಎಂದ ರೈತ. "ಬದುವಿನ ಒಳಗೆ ಎಷ್ಟು ನೆಲ ಬೇಕೋ ಅದನ್ನೂ ನಾನೇ ಕೊಡುತ್ತೇನೆ."

ದಾರಿ ಹಾಗೆ ಆಯಿತು. ಅದು ಗೋಮಾಳದ ಮೂಲೆ ಮುಟ್ಟಿ, ಹೊಲದ ಬದು ಹಿಡಿದು, ಬಾವಿಯನ್ನು ಬಳಸಿ ಹೋಯಿತು. ಅದರ ಒಂದೊಂದು ತಿರುವೂ ಒಬ್ಬರು ಇನ್ನೊಬ್ಬರಿಗಾಗಿ ಕೇಳಿದ್ದು.

ವ್ಯಾಪಾರಿಯ ಉಪಕಾರ ನೆನೆದು ಏನು ಹೇಳಬೇಕೆಂದು ರೈತನಿಗೆ ತಿಳಿಯಲಿಲ್ಲ. ಎರಡು ಸಲ ಅವನ ಅಂಗಡಿಯವರೆಗೆ ಹೋಗಿ, ಮಾತು ಸಿಗದೆ, ಬೇಡದ ಬೆಲ್ಲ ಕೊಂಡು ಬಂದ. ಕೊನೆಗೆ ಆ ಪ್ರಯತ್ನ ಬಿಟ್ಟ. ಪ್ರತಿದಿನ ಬೆಳಿಗ್ಗೆ, ತನ್ನ ಜೋಳಕ್ಕೆ ನೀರು ಬಿಡುವ ಮೊದಲು, ಆ ಮೂಲೆಯಲ್ಲಿ ನೆಟ್ಟ ಹೊಂಗೆಸಸಿಗಳ ಹತ್ತಿರ ಇಟ್ಟ ಕಲ್ಲಿನ ತೊಟ್ಟಿ ತುಂಬಿಸತೊಡಗಿದ. ಬರುವ ಬಂಡಿ ವ್ಯಾಪಾರಿಯದೋ ಬೇರೆಯವರದೋ ಎಂದು ನೋಡುತ್ತಿರಲಿಲ್ಲ. ಅವನಿಗೆ ವಯಸ್ಸಾದ ಮೇಲೆ ಮಗಳು ತುಂಬಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಈಗ ತುಂಬಿಸುವವರು ಯಾರು?" ಎಂದು ಚನ್ನವೀರ ಕೇಳಿದ.

"ನನಗೂ ಗೊತ್ತಿಲ್ಲ. ಇವತ್ತು ನೀರಿತ್ತು ಎಂದು ನೀನೇ ಹೇಳಿದೆ."

ಚನ್ನವೀರ ಬಾಯಿ ಒರೆಸಿಕೊಂಡ, ಆ ನೀರು ಇನ್ನೂ ತುಟಿಯ ಮೇಲೆ ಇದ್ದಂತೆ. ಗುರುಗಳು ಅವನ ಮುಂದಿದ್ದ ಬಟ್ಟೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಆ ನೇರವಾದ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಈ ಗೆರೆಯ ಮೇಲೆ ನೀನು ಯಾರ ಮನೆಯಲ್ಲಿ ಉಂಡಿದ್ದೀಯ?" ಎಂದರು.

ಚನ್ನವೀರ ಬಟ್ಟೆಯನ್ನು ಅಲ್ಲೇ ಬಿಟ್ಟು, ಮೊದಲ ಹಳ್ಳಿಗೆ ಹೋಗಲು ಎದ್ದ.