ನಿಂಗಾಜಮ್ಮ ಬಚ್ಚಿಟ್ಟ ಕತ್ತರಿ

ಒಂದೂರಿನ ಗೋಪಾಲಸ್ವಾಮಿ ದೇವಸ್ಥಾನದ ಹೂದೋಟವನ್ನು ನಿಂಗಾಜಮ್ಮ ಎಂಬಾಕೆ ನೋಡಿಕೊಳ್ಳುತ್ತಿದ್ದಳು. ಬಾಯಿ ಜೋರಿನ ಹೆಂಗಸು. ಆದರೆ ಕೇಳಿ ಮಕ್ಕಳೇ, ಐದು ವರ್ಷ ತುಂಬುವವರೆಗೂ ಆಕೆಗೆ ಮಾತೇ ಬಂದಿರಲಿಲ್ಲವಂತೆ! ಆಕೆ ಬಾಯಿ ತೆರೆಯುವಷ್ಟರಲ್ಲಿ ಮನೆಯವರು "ಇವಳಿಗೆ ನೀರು ಬೇಕಂತೆ, ಇವಳಿಗೆ ನಿದ್ದೆಯಂತೆ" ಎಂದು ತಾವೇ ಹೇಳಿ ಮುಗಿಸುತ್ತಿದ್ದರು. ಆಮೇಲೆ "ಮೂಗಿ" ಎಂದು ಹೆಸರಿಟ್ಟವರೂ ಅವರೇ. ಐವತ್ತು ದಾಟಿದ ಮೇಲೂ ಆ ಹೆಸರು ನೆನಪಾದರೆ ನಿಂಗಾಜಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ತೋಟದ ಬಾಗಿಲಲ್ಲಿ ಆಕೆ ತವರಿನಿಂದ ಕಡ್ಡಿ ತಂದು ನೆಟ್ಟ ಒಂದು ಗೋರಂಟೆ ಗಿಡವಿತ್ತು. ಚಳಿ ಬಿದ್ದ ಮೇಲೆ ನೇರಳೆ ಹೂ ಬಿಡುವ ಗಿಡ. ಡಿಸೆಂಬರ್ ಹೂ ಎಂದರೆ ನಿಮಗೆ ಬೇಗ ಗೊತ್ತಾದೀತು. ನೆಟ್ಟು ಮೂರು ವರ್ಷವಾದರೂ ಒಂದೇ ಒಂದು ಹೂ ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ದೇವಸ್ಥಾನದ ಆಡಳಿತ ನೋಡಿಕೊಳ್ಳುವ ಪಾರುಪತ್ತೇಗಾರ ಅಳಸಿಂಗಯ್ಯನವರಿಗೆ ಎಲ್ಲವೂ ಒಪ್ಪವಾಗಿರಬೇಕು. ಪ್ರತಿ ಶನಿವಾರ ದೊಡ್ಡ ಕತ್ತರಿ ಹಿಡಿದು ಬಂದು, ಮೊಣಕಾಲಿಗಿಂತ ಮೇಲೆದ್ದ ಕುಡಿಯನ್ನೆಲ್ಲ ಕಚಕಚ ಕತ್ತರಿಸಿ, ದೂರ ನಿಂತು ನೋಡಿ ಸಂತೋಷಪಡುತ್ತಿದ್ದರು. ಬೇಡಿ ಎಂದು ಹೇಳಿ ಹೇಳಿ ನಿಂಗಾಜಮ್ಮನಿಗೆ ಸಾಕಾಗಿಹೋಗಿತ್ತು.

ಶ್ರಾವಣದ ಒಂದು ಶನಿವಾರ ಅವರು, "ನಿಂಗಾಜಮ್ಮ, ಇದು ಗೊಡ್ಡು ಗಿಡ. ಕಿತ್ತು ಬಿಸಾಕು. ಕ್ರೋಟನ್ ನೆಡೋಣ" ಎಂದರು.

ಗೊಡ್ಡು! ಆ ಮಾತು ಕಿವಿಗೆ ಬಿದ್ದದ್ದೇ ತಡ, ನಿಂಗಾಜಮ್ಮ ಅವರ ಕೈಯಿಂದ ಕತ್ತರಿಯನ್ನು ಕಿತ್ತುಕೊಂಡೇಬಿಟ್ಟಳು.

"ಹೆಸರು ಇಡೋಕೆ ಎಲ್ಲರೂ ಮುಂದು! ಧನುರ್ಮಾಸದವರೆಗೆ ಈ ಕತ್ತರಿ ನನ್ನ ಹತ್ರ ಇರುತ್ತೆ ಸ್ವಾಮಿ. ಆ ತಿಂಗಳ ಮೊದಲ ಪೂಜೆಗೆ ಇದು ಹೂ ಕೊಡದಿದ್ರೆ, ತೋಟದ ಬೀಗದಕೈ ನಿಮ್ಮ ಮುಂದಿಟ್ಟು ನಾನೇ ಹೊರಟುಹೋಗ್ತೀನಿ."

"ಮಾತಿಗೆ ತಪ್ಪಬಾರದು" ಎಂದರು ಅಳಸಿಂಗಯ್ಯ.

ಹೇಳಿದ್ದೇನೋ ಹೇಳಿದಳು. ಇಪ್ಪತ್ತೆರಡು ವರ್ಷದಿಂದ ಆ ತೋಟವೇ ಆಕೆಯ ಅನ್ನ, ಬಾವಿ ಪಕ್ಕದ ಸಣ್ಣ ಕೋಣೆಯೇ ಆಕೆಯ ಮನೆ. ಕತ್ತರಿಯನ್ನು ಹಳೇ ಸೀರೆಯಲ್ಲಿ ಸುತ್ತಿ ರಾಗಿ ಡಬ್ಬದಲ್ಲಿ ಹೂತಿಟ್ಟಳು. ಗಿಡದ ಬುಡ ಸಡಿಲಿಸಿ ಸಗಣಿ ಗೊಬ್ಬರ ಕೊಟ್ಟಳು. ಗಿಡ ಎದೆಯುದ್ದ ಬೆಳೆದು ದಾರಿಗೆಲ್ಲ ಚಾಚಿಕೊಂಡಿತು. ಬಂದ ಭಕ್ತರು "ಇದೇನಮ್ಮ, ಪೊದೆ ಸಾಕ್ತಿದ್ದೀಯಾ?" ಎಂದು ಮೂಗು ಮುರಿದರು. ಆಕೆ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ನವರಾತ್ರಿ ಬಂತು, ಹೂವಿಲ್ಲ. ದೀಪಾವಳಿಯೂ ಕಳೆಯಿತು, ಹೂವಿಲ್ಲ. ಆಗ ಮಾತ್ರ ಆಕೆಗೆ ಭಯ ಹತ್ತಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ ಅಷ್ಟೆ.

ಧನುರ್ಮಾಸಕ್ಕೆ ಇನ್ನು ಐದೇ ದಿನ. ಅಳಸಿಂಗಯ್ಯ ಬೇರೊಂದು ಕತ್ತರಿ ಹಿಡಿದು ಬಂದರು.

"ನಾಳೆ ದೊಡ್ಡವರೊಬ್ಬರು ದರ್ಶನಕ್ಕೆ ಬರ್ತಾರೆ. ಕೀಳೋದು ಬೇಡ, ಮೇಲುಗಡೆ ಒಂದು ಗೇಣು ತೆಗೀತೀನಿ. ಒಂದೇ ಗೇಣು."

ನಿಂಗಾಜಮ್ಮ ಗಿಡಕ್ಕೆ ಬೆನ್ನು ಕೊಟ್ಟು ನಿಂತಳು. ಆ ದಿನ ಬೆಳಿಗ್ಗೆ ತಾನೇ ಕುಡಿಗಳನ್ನು ಮುಟ್ಟಿ ನೋಡಿದ್ದಳು. ಮುಳ್ಳುಮುಳ್ಳಾದ ಹಸಿರೆಲೆಗಳ ನಡುವೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತ್ತು.

"ಆ ಒಂದು ಗೇಣಿನಲ್ಲೇ ಸ್ವಾಮಿ, ಮೊಗ್ಗೆಲ್ಲ ಇರೋದು! ಮೂರು ವರ್ಷ ನೀವು ಕತ್ತರಿಸಿ ಬಿಸಾಕಿದ್ದು ಅದನ್ನೇ. ಈ ಸಲ ಕೊಡಲ್ಲ."

"ಪಾರುಪತ್ತೇಗಾರ ನಾನೋ ನೀನೋ?"

"ನೀವೇ. ಆದ್ರೆ ಮಾತು ಮಾತೇ. ಇನ್ನೂ ಐದು ದಿನ ಇದೆ. ಮೊದಲು ನನ್ನನ್ನ ಕತ್ತರಿಸಿ, ಆಮೇಲೆ ಗಿಡಾನ."

ಅಳಸಿಂಗಯ್ಯ ಕೆಂಡಾಮಂಡಲವಾಗಿ, "ಐದನೇ ದಿನ ಬೀಗದಕೈ ತಂದುಕೊಡು" ಎಂದು ಹೊರಟುಹೋದರು.

ಐದನೇ ದಿನ. ಮೈ ಕೊರೆಯುವ ಚಳಿ. ಅರ್ಚಕರು ಬುಟ್ಟಿ ಹಿಡಿದು ತೋಟವೆಲ್ಲ ಸುತ್ತಿದರು. ಮಲ್ಲಿಗೆ ಬಳ್ಳಿ ಬರಿದು, ಸೇವಂತಿಗೆ ಮುಗಿದಿತ್ತು. ಬಾಗಿಲ ಬಳಿ ಬಂದವರು "ಅಯ್ಯೋ ಗೋಪಾಲ!" ಎಂದು ಅಲ್ಲೇ ನಿಂತುಬಿಟ್ಟರು. ಗೋರಂಟೆ ಗಿಡ ಕುಡಿಕುಡಿಯಲ್ಲೂ ನೇರಳೆಯಾಗಿತ್ತು. ಎಲೆ ಹುಡುಕಬೇಕು, ಅಷ್ಟು ಹೂ. ನಿಂಗಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಜೋರಾಗಿ ನಕ್ಕಳು.

ಬೀಗದಕೈಗೆಂದು ಬಂದ ಅಳಸಿಂಗಯ್ಯ ಗಿಡಕ್ಕೆ ಒಂದು ಸುತ್ತು ಬಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನೋಡಿದ್ಯಾ, ಮೂರು ವರ್ಷ ನಾನು ಒಪ್ಪವಾಗಿ ಕತ್ತರಿಸಿದ್ದಕ್ಕೇ ಬುಡ ಇಷ್ಟು ಗಟ್ಟಿಯಾಗಿದೆ" ಎಂದರು. "ಬರೋ ವರ್ಷ ನವರಾತ್ರಿಗೇ ಹೂ ಬರೋ ಹಾಗೆ ಮಾಡು. ಈಗ ನನ್ನ ಕತ್ತರಿ ಕೊಡು."

"ಅದು ಬಿಡೋದು ಅದರ ಕಾಲಕ್ಕೆ, ನಿಮ್ಮ ಪಂಚಾಂಗಕ್ಕಲ್ಲ" ಎಂದಳು ನಿಂಗಾಜಮ್ಮ. ಬೀಗದಕೈಯನ್ನು ಅವರ ಕಣ್ಣೆದುರೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೂವೆಲ್ಲ ಮುಗಿದ ಮೇಲೆ ಇದನ್ನ ಕತ್ತರಿಸಬೇಕು, ಅದು ನನಗೂ ಗೊತ್ತು. ಕತ್ತರಿ ಬೇಕಾದ್ರೆ ಶಿವರಾತ್ರಿ ಕಳೆದ ಮೇಲೆ ಬನ್ನಿ. ಎಲ್ಲಿ ಕತ್ತರಿಸಬೇಕು ಅಂತ ನಾನು ತೋರಿಸ್ತೀನಿ."

ನೀತಿ: ತಡವಾಗಿ ಅರಳುವುದು ತಪ್ಪಲ್ಲ. ವಾರವಾರವೂ ಕುಡಿ ಕತ್ತರಿಸಿದವರಿಗೆ ಹೂವೆಲ್ಲಿ ಎಂದು ಕೇಳುವ ಹಕ್ಕಿಲ್ಲ. ನಿಮ್ಮನ್ನು ಯಾರಾದರೂ ಗೊಡ್ಡು ಎಂದರೆ ಅಳುತ್ತಾ ಕೂರಬೇಡಿ, ಮೊದಲು ಅವರ ಕೈಯ ಕತ್ತರಿ ಕಿತ್ತುಕೊಳ್ಳಿ.