ಜೊಳ್ಳು ತೆನೆಯ ಸುದ್ದಿ

ಎರೆಹೊಲದ ಇಲಿಗಳಿಗೆ ಒಬ್ಬ ಮುದಿ ನಾಯಕನಿದ್ದ. ಹೊಲದಿಂದ ಹೊಲಕ್ಕೆ ಹಾರಾಡುವ ಗಿಳಿಯೊಂದು ಒಂದು ದಿನ ಅವನ ಬಿಲದ ಬಾಯಿಗೆ ಬಂದು ಹೇಳಿತು: "ಯಜಮಾನರೇ, ಮಳೆ ಕೈಕೊಟ್ಟಿದೆ. ಸುತ್ತಲೂ ನೋಡಿ ಬಂದೆ, ಜೋಳದ ತೆನೆಗಳೆಲ್ಲ ಜೊಳ್ಳು. ಹೊಳೆಯಾಚೆ ಮಾತ್ರ ಕಾಳು ಕಟ್ಟಿದೆ. ಮರಿಗಳ ಮೈಯಲ್ಲಿ ಕಸುವಿರುವಾಗಲೇ ಹೊರಡಿ."

ನಾಯಕ ತನ್ನ ಬಿಲದಲ್ಲಿದ್ದ ಹಳೆಯ ಕಾಳಿನತ್ತ ನೋಡಿದ. "ನಿನ್ನ ಮಾತು ಸುಳ್ಳೆನ್ನುವುದಿಲ್ಲ. ಆದರೆ ಹೊಟ್ಟೆ ತುಂಬಿದವರಿಗೆ ಮನೆ ಬಿಟ್ಟು ನಡೆಯಿರಿ ಎಂದರೆ ನನ್ನನ್ನೇ ಹುಚ್ಚನೆಂದಾರು. ಯಾರಾದರೂ ಹಸಿದು ಬರಲಿ, ಅಂದೇ ಹೊರಡೋಣ."

"ಹಸಿದವರು ಅಷ್ಟು ದೂರ ನಡೆಯಲಾರರು," ಎಂದಿತು ಗಿಳಿ.

ಸುಗ್ಗಿ ಬಂತು, ಕಾಳು ಬರಲಿಲ್ಲ. ಕೂಡಿಟ್ಟದ್ದೂ ತೀರಿತು. ಹಸಿದ ತಾಯಂದಿರು ಮರಿಗಳನ್ನು ಕಚ್ಚಿಕೊಂಡು ಬಂದ ದಿನವೇ ನಾಯಕ ಮಾತಿನಂತೆ ಎಲ್ಲರನ್ನೂ ಹೊರಡಿಸಿದ. ಗಿಳಿ ಮೇಲಿನಿಂದ ದಾರಿ ತೋರಿತು.

ಬತ್ತಿದ ಹೊಳೆಯ ದಡ ಮುಟ್ಟಿದಾಗ ನಾಯಕ, ಹಿಂದಿರುಗಿ ನೋಡುವ ಧೈರ್ಯವಿಲ್ಲದೆ, ಗಿಳಿಯನ್ನು ಕೇಳಿದ: "ಹಿಂದೆ ಉಳಿದವರು ಬರುವತನಕ ಕಾಯೋಣವೇ?"

ಗಿಳಿ ಮೆಲ್ಲಗೆ ಹೇಳಿತು: "ಬರುವವರೆಲ್ಲ ಬಂದಾಯಿತು, ಯಜಮಾನರೇ."

ಬದುಕಿ ಬಂದ ಕೆಲವರು ಹೊಳೆ ದಾಟಿದರು. ಅಲ್ಲಿ ಕಾಳು ಬೇಕಾದಷ್ಟಿತ್ತು. ನಾಯಕ ಮಾತ್ರ ಬಹಳ ಹೊತ್ತು ಈಚೆ ದಡದಲ್ಲೇ ಕುಳಿತಿದ್ದ.